ಮನೆ ಖಾಲಿ ಮಾಡಿಸುವ ಕೇಸು: ಬಡ ಬಾಡಿಗೆದಾರರ ವಕೀಲರು ನಿಜಕ್ಕೂ ಏನು ಮಾಡುತ್ತಾರೆ?

ಅಮೆರಿಕದಲ್ಲಿ ಒಬ್ಬರ ಮೇಲೆ ಕಳ್ಳತನದ ಕೇಸು ಬಿತ್ತು, ವಕೀಲರನ್ನು ಇಟ್ಟುಕೊಳ್ಳಲು ಅವರ ಹತ್ತಿರ ದುಡ್ಡಿಲ್ಲ ಅಂದುಕೊಳ್ಳಿ. ಆಗ ಸರ್ಕಾರವೇ ವಕೀಲರನ್ನು ಕೊಡಬೇಕು. 1963ರ ಗಿಡಿಯನ್ ವರ್ಸಸ್ ವೇನ್‌ರೈಟ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಹಕ್ಕು ಎಂದೇ ಹೇಳಿತು. ಅದೇ ವ್ಯಕ್ತಿಯ ಮೇಲೆ ಮನೆ ಮಾಲೀಕರು ಮನೆ ಖಾಲಿ ಮಾಡಿಸುವ ಕೇಸು ಹಾಕಿದರೆ? ಮಕ್ಕಳು ಮರಿ ಸಮೇತ ಬೀದಿಗೆ ಬೀಳುವ ಸ್ಥಿತಿ ಇದ್ದರೂ ವಕೀಲರನ್ನು ಕೊಡಲೇಬೇಕು ಎಂಬ ನಿಯಮ ಸಂವಿಧಾನದಲ್ಲಿಲ್ಲ. ಇದು ಸಿವಿಲ್ ಕೇಸು, ಜೈಲಿಗೆ ಹೋಗುವ ಭಯವಿಲ್ಲವಲ್ಲ ಎಂಬುದು ಅದರ ಹಿಂದಿನ ತರ್ಕ. 1981ರಲ್ಲಿ ಲಾಸಿಟರ್ ಎಂಬ ಕೇಸಿನಲ್ಲಿ ಒಬ್ಬ ತಾಯಿ ತನ್ನ ಮಗುವಿನ ಮೇಲಿನ ಹಕ್ಕನ್ನೇ ಕಳೆದುಕೊಳ್ಳುವ ಪ್ರಶ್ನೆ ಬಂದಿತ್ತು. ಅಂಥ ಕೇಸಿಗೂ ಪ್ರತಿ ಸಲ ಸರ್ಕಾರಿ ಖರ್ಚಿನ ವಕೀಲರು ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಹೇಳಿತು. ಮಗುವಿನ ಕೇಸಿಗೇ ಇಲ್ಲದ ಮೇಲೆ ಬಾಡಿಗೆ ಮನೆಯ ಕೇಸಿಗೆ ಎಲ್ಲಿಂದ ಬರಬೇಕು?

ಇದರ ಪರಿಣಾಮ ಕೋರ್ಟ್ ಹಾಲಿನಲ್ಲಿ ಕಾಣುತ್ತದೆ. ಆ ದೇಶದಲ್ಲಿ ವರ್ಷಕ್ಕೆ ಸುಮಾರು 36 ಲಕ್ಷ ಇಂಥ ಕೇಸುಗಳು ದಾಖಲಾಗುತ್ತವೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎವಿಕ್ಷನ್ ಲ್ಯಾಬ್ ಲೆಕ್ಕ ಹಾಕಿದೆ. ಅದು ಕೊರೊನಾಕ್ಕೆ ಮುಂಚಿನ ಲೆಕ್ಕ. ಈ ಕೇಸುಗಳಲ್ಲಿ ಮಾಲೀಕರ ಪೈಕಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನರಿಗೆ ವಕೀಲರಿರುತ್ತಾರೆ. ಬಾಡಿಗೆದಾರರಲ್ಲಿ ನೂರಕ್ಕೆ ಮೂರೋ ನಾಲ್ಕೋ ಜನರಿಗೆ ಅಷ್ಟೇ.

ಈ ಅಂತರ ತುಂಬಿಸಲು ಕೆಲಸ ಮಾಡುವವರೇ ಬಡ ಬಾಡಿಗೆದಾರರ ವಕೀಲರು. ಸಿನಿಮಾದ ಕೋರ್ಟ್ ದೃಶ್ಯ ನೋಡಿ ಬೆಳೆದ ನಮಗೆ ಅವರ ಕೆಲಸ ಎಂದರೆ ಕೈ ಎತ್ತಿ ಆವೇಶದಿಂದ ವಾದಿಸುವುದು ಎನಿಸಬಹುದು. ಅವರ ದಿನದ ಹೆಚ್ಚಿನ ಹೊತ್ತು ಹೋಗುವುದು ಮಾತ್ರ ನೋಟಿಸಿನ ತಾರೀಕು ಎಣಿಸುವುದರಲ್ಲಿ, ಬಾಡಿಗೆ ಲೆಕ್ಕ ಕೂಡಿ ಕಳೆಯುವುದರಲ್ಲಿ, ಕೋರ್ಟಿನ ಕಾರಿಡಾರಿನಲ್ಲಿ ನಿಂತು ಚೌಕಾಸಿ ಮಾಡುವುದರಲ್ಲಿ. ಅಲ್ಲೇ ಮನೆ ಉಳಿಯುವುದು, ಅಲ್ಲೇ ಹೋಗುವುದು.

ಕೇಸು ಇಷ್ಟು ಬೇಗ ಯಾಕೆ ಓಡುತ್ತದೆ

ಸಿವಿಲ್ ಕೇಸು ಅಂದರೆ ವರ್ಷಗಟ್ಟಲೆ ಎಳೆಯುತ್ತದೆ ಎಂಬುದು ಎಲ್ಲರ ಅನುಭವ. ಅಮೆರಿಕದ ಮನೆ ಖಾಲಿ ಕೇಸು ಹಾಗಲ್ಲ. ಇದಕ್ಕೆ ಬೇರೆಯೇ ಚುಟುಕು ವಿಧಾನ ಇದೆ. ಹಿಂದೆಲ್ಲ ಮಾಲೀಕರು ತಾವೇ ಬಂದು ಬಲವಂತವಾಗಿ ಸಾಮಾನು ಹೊರಗೆ ಹಾಕುತ್ತಿದ್ದರು, ಹೊಡೆದಾಟಗಳಾಗುತ್ತಿದ್ದವು. ಅದನ್ನು ತಪ್ಪಿಸಲು ರಾಜ್ಯಗಳು ಮಾಲೀಕರಿಗೆ ಒಂದು ಮಾತು ಕೊಟ್ಟ ಹಾಗಾಯಿತು: ನೀವು ಕೈ ಹಾಕಬೇಡಿ, ಕೋರ್ಟಿಗೆ ಬನ್ನಿ, ನಾವು ಬೇಗ ಮುಗಿಸಿಕೊಡುತ್ತೇವೆ. ಒರೆಗಾನ್ ರಾಜ್ಯದ ಕಾನೂನಿನಲ್ಲಂತೂ ಸಮನ್ಸ್ ತಲುಪಿದ ಆರು ದಿನದೊಳಗೆ ವಿಚಾರಣೆ ಎಂದಿತ್ತು. ಹೆಚ್ಚು ಸಮಯ ಬೇಕಿದ್ದರೆ ಬಾಡಿಗೆಗೆ ಭದ್ರತೆ ಕಟ್ಟಬೇಕಿತ್ತು. 1972ರಲ್ಲಿ ಲಿಂಡ್ಸೆ ವರ್ಸಸ್ ನಾರ್ಮೆಟ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಅವಸರವನ್ನು ತಪ್ಪು ಎನ್ನಲಿಲ್ಲ. ಒಳ್ಳೆ ಮನೆ ಸಿಗಬೇಕು ಎಂಬುದು ಸಂವಿಧಾನ ಕೊಟ್ಟ ಹಕ್ಕಲ್ಲ ಎಂದೂ ಹೇಳಿತು.

ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಆದರೆ ದಾರಿ ಸ್ಥೂಲವಾಗಿ ಒಂದೇ. ಮೊದಲು ಮಾಲೀಕರ ನೋಟಿಸು: ಇಷ್ಟು ದಿನದೊಳಗೆ ಬಾಕಿ ಕಟ್ಟಿ, ಇಲ್ಲವೇ ಮನೆ ಬಿಡಿ. ಆಮೇಲೆ ಕೋರ್ಟಿನಲ್ಲಿ ಅರ್ಜಿ, ಸಮನ್ಸ್, ವಿಚಾರಣೆ, ತೀರ್ಪು. ಕೊನೆಗೆ ಕೋರ್ಟಿನ ಆದೇಶ ಜಾರಿ ಮಾಡುವ ಅಧಿಕಾರಿ, ಅಂದರೆ ಷರೀಫ್ ಅಥವಾ ಮಾರ್ಷಲ್, ಬಂದು ಬೀಗ ಬದಲಿಸುತ್ತಾರೆ. ನ್ಯೂಯಾರ್ಕ್ ನಗರದ ಮಾರ್ಷಲ್‌ಗಳನ್ನು ಮೇಯರ್ ನೇಮಿಸುತ್ತಾರೆ. ಆದರೆ ಅವರಿಗೆ ನಗರದ ಸಂಬಳ ಇಲ್ಲ, ಮಾಡಿದ ಕೆಲಸಕ್ಕೆ ಶುಲ್ಕ. ಹೆಚ್ಚು ಬೀಗ ಬದಲಿಸಿದರೆ ಹೆಚ್ಚು ಸಂಪಾದನೆ ಎಂಬುದು ನನಗೆ ವಿಚಿತ್ರ ಏರ್ಪಾಡಾಗಿಯೇ ಕಾಣುತ್ತದೆ.

ಈ ದಾರಿಯಲ್ಲಿ ಅತಿ ಹೆಚ್ಚು ಜನ ಸೋಲುವುದು ವಾದದಲ್ಲಲ್ಲ. ಅವರು ಕೋರ್ಟಿಗೆ ಬಂದೇ ಇರುವುದಿಲ್ಲ. ಪ್ರತಿವಾದಿ ಹಾಜರಿಲ್ಲದಿದ್ದರೆ ಮಾಲೀಕರ ಪರವಾಗಿ ಏಕಪಕ್ಷೀಯ ತೀರ್ಪು ಆಗುತ್ತದೆ. ಒಂದು ನಿಮಿಷದ ಕೆಲಸ. ಬಾರದಿರುವುದಕ್ಕೆ ಕಾರಣ ಸೋಮಾರಿತನ ಎಂದುಕೊಳ್ಳಬೇಡಿ. ರಜೆ ಹಾಕಿದರೆ ಅಂದಿನ ಕೂಲಿ ಹೋಗುತ್ತದೆ. ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ. ಬಾಡಿಗೆ ಬಾಕಿ ಇರುವುದು ನಿಜ, ಹೋಗಿ ಏನು ಹೇಳಲಿ ಎಂಬ ನಾಚಿಕೆ. ಇನ್ನು ಕೆಲವರಿಗೆ ಕೇಸು ಇರುವುದೇ ಗೊತ್ತಿಲ್ಲ.

ಮಾಲೀಕರೇ ಬೀಗ ಬದಲಿಸಿದರೆ, ಕರೆಂಟು ನೀರು ನಿಲ್ಲಿಸಿದರೆ? ಇದು ಬಹುತೇಕ ಎಲ್ಲ ರಾಜ್ಯಗಳಲ್ಲೂ ಕಾನೂನುಬಾಹಿರ. ನ್ಯೂಯಾರ್ಕ್ ರಾಜ್ಯದಲ್ಲಿ 2019ರಿಂದ ಅದು ಕ್ರಿಮಿನಲ್ ಅಪರಾಧ. ಹಾಗಿದ್ದೂ ನಡೆಯುತ್ತಲೇ ಇರುತ್ತದೆ. ವಕೀಲರಿಗೆ ಇಂಥ ಕೇಸು ಬಂದರೆ ಬೇರೆಲ್ಲ ಬಿಟ್ಟು ಅದೇ ದಿನ ತುರ್ತು ಆದೇಶಕ್ಕೆ ಓಡುತ್ತಾರೆ. ರಾತ್ರಿ ಮಲಗಲು ಕಕ್ಷಿದಾರರಿಗೆ ಜಾಗ ಬೇಕಲ್ಲ.

ಮೊದಲು ಕಾಗದ, ಆಮೇಲೆ ಮಾತು

ಅನುಭವಿ ವಕೀಲರು ಕಕ್ಷಿದಾರರ ಪೂರ್ತಿ ಕತೆ ಕೇಳುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ: ಕೋರ್ಟಿನ ಕಾಗದ ಯಾವಾಗ ಬಂತು, ಎಲ್ಲಿ ಸಿಕ್ಕಿತು, ಯಾರ ಕೈಗೆ? ಕಾರಣ ಸರಳ. ಉತ್ತರ ಸಲ್ಲಿಸಲು ಎಷ್ಟು ದಿನ ಉಳಿದಿದೆ ಎಂಬುದು ಇದರ ಮೇಲೆ ನಿಂತಿದೆ. ನ್ಯೂಯಾರ್ಕಿನಲ್ಲಿ ಬಾಡಿಗೆ ಬಾಕಿ ಕೇಸಿಗೆ ಹತ್ತು ದಿನ. ಅದಕ್ಕೆ ಮುಂಚೆ ಮಾಲೀಕರು ಹದಿನಾಲ್ಕು ದಿನದ ಲಿಖಿತ ತಗಾದೆ ಕೊಟ್ಟಿರಬೇಕು. ಹದಿಮೂರನೇ ದಿನಕ್ಕೆ ಕೇಸು ಹಾಕಿದ್ದರೆ ಅಲ್ಲಿಗೇ ಕೇಸು ಬಿದ್ದುಹೋಗಬಹುದು.

ಇದು ತಾಂತ್ರಿಕ ನೆಪ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ನಡೆದದ್ದನ್ನು ನೋಡಿ. ಅಲ್ಲಿನ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಸಮನ್ಸನ್ನು ಬಾಗಿಲಿಗೆ ಅಂಟಿಸಿ ಹೋಗುವುದು ರೂಢಿಯಾಗಿತ್ತು. ಮಕ್ಕಳು ಅದನ್ನು ಕಿತ್ತು ಹಾಕುತ್ತಿದ್ದರು. ಅಂಟಿಸುವ ಸಿಬ್ಬಂದಿಗೂ ಇದು ಗೊತ್ತಿತ್ತು. ಬಾಡಿಗೆದಾರರಿಗೆ ವಿಷಯ ತಿಳಿಯುವ ಹೊತ್ತಿಗೆ ತೀರ್ಪು ಬಂದು, ಅಪೀಲಿನ ಅವಧಿಯೂ ಮುಗಿದಿತ್ತು. 1982ರಲ್ಲಿ ಗ್ರೀನ್ ವರ್ಸಸ್ ಲಿಂಡ್ಸೆ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಬರೀ ಬಾಗಿಲಿಗೆ ಅಂಟಿಸಿದರೆ ಸಾಲದು, ಅಂಚೆಯಲ್ಲಾದರೂ ಕಳಿಸಬೇಕಿತ್ತು ಎಂದಿತು. ನೋಟಿಸಿನ ನಿಯಮ ಇರುವುದೇ ಇದಕ್ಕಾಗಿ. ಮನೆ ಕಳೆದುಕೊಳ್ಳುವವರಿಗೆ ಅದು ಮೊದಲೇ ತಿಳಿಯಲಿ ಎಂದು.

ಇನ್ನೂ ಕೆಟ್ಟ ಪದ್ಧತಿ ಒಂದಿದೆ. ಸಮನ್ಸ್ ತಲುಪಿಸಬೇಕಾದವರು ಅದನ್ನು ಎಲ್ಲೋ ಎಸೆದು, ತಲುಪಿಸಿದೆ ಎಂದು ಪ್ರಮಾಣ ಮಾಡಿ ಸಹಿ ಹಾಕುವುದು. ವಕೀಲರು ಇಂಥ ಪ್ರಮಾಣಪತ್ರಗಳನ್ನು ಸೂಕ್ಷ್ಮವಾಗಿ ಓದುತ್ತಾರೆ. ಒಬ್ಬರೇ ಒಂದೇ ಹೊತ್ತಿಗೆ ನಗರದ ಎರಡು ಮೂಲೆಯಲ್ಲಿ ಸಮನ್ಸ್ ಕೊಟ್ಟಿರುವುದಾಗಿ ಬರೆದಿದ್ದರೆ ಸಿಕ್ಕಿಬಿದ್ದರು ಅಂತಲೇ ಲೆಕ್ಕ.

2020ರ ಕೇರ್ಸ್ ಕಾಯ್ದೆ ಕೂಡ ಇಂಥ ಕಾಗದದ ಕೆಲಸಕ್ಕೆ ಸಿಕ್ಕ ಒಂದು ಹತಾರ. ಕೊರೊನಾ ಕಾಲದಲ್ಲಿ ಬಂದ ಈ ಕಾನೂನಿನ ಪ್ರಕಾರ, ಕೇಂದ್ರ ಸರ್ಕಾರದ ಬೆಂಬಲವಿರುವ ಸಾಲ ಅಥವಾ ಸಹಾಯಧನ ಪಡೆದ ಕಟ್ಟಡಗಳಲ್ಲಿ ಬಾಡಿಗೆ ಬಾಕಿಗೆ ಮನೆ ಬಿಡಿಸಬೇಕಾದರೆ 30 ದಿನದ ನೋಟಿಸು ಕೊಡಬೇಕು. ಮನೆ ಖಾಲಿ ಮಾಡಿಸುವುದಕ್ಕೆ ಇದ್ದ ಕೊರೊನಾ ತಡೆಯಾಜ್ಞೆಗಳು ಎಂದೋ ಮುಗಿದವು. ಆದರೆ ಈ 30 ದಿನದ ಕಲಮು ಇನ್ನೂ ಉಳಿದಿದೆ ಎಂದು ಹಲವು ಕೋರ್ಟುಗಳು ಹೇಳಿವೆ. ತಮ್ಮ ಕಟ್ಟಡ ಈ ಪಟ್ಟಿಗೆ ಸೇರುತ್ತದೆ ಎಂಬುದು ಬಾಡಿಗೆದಾರರಿಗೆ ಬಿಡಿ, ಎಷ್ಟೋ ಮಾಲೀಕರಿಗೂ ಗೊತ್ತಿರುವುದಿಲ್ಲ. ಹುಡುಕಿ ತೆಗೆಯುವುದು ವಕೀಲರ ಕೆಲಸ.

ನೋಟಿಸು ತಪ್ಪು ಎಂದು ಕೇಸು ವಜಾ ಆದರೆ ಮಾಲೀಕರು ಸರಿಯಾದ ನೋಟಿಸು ಕೊಟ್ಟು ಮತ್ತೆ ಬರಬಹುದು. ಹಾಗಾದರೆ ಲಾಭ ಏನು? ಒಂದೆರಡು ತಿಂಗಳು. ಕೆಲಸ ಕಳೆದುಕೊಂಡವರಿಗೆ ಹೊಸ ಕೆಲಸ ಸಿಗಲು, ಸರ್ಕಾರಿ ನೆರವಿನ ಅರ್ಜಿ ಮಂಜೂರಾಗಲು ಅಷ್ಟು ಸಮಯ ಸಾಕಾಗಬಹುದು. ಈ ವಕೀಲರು ಕಕ್ಷಿದಾರರಿಗೆ ಕೊಡಿಸುವ ಅತಿ ದೊಡ್ಡ ವಸ್ತು ಸಮಯವೇ ಎಂಬುದು ನನ್ನ ಅಭಿಪ್ರಾಯ. ಗೆದ್ದ ತೀರ್ಪು ಎರಡನೆಯದು.

ಬಾಡಿಗೆ ಕೊಟ್ಟಿಲ್ಲ, ನಿಜ. ಆದರೆ...

ಬಾಡಿಗೆ ಬಾಕಿ ಇದ್ದ ಮೇಲೆ ವಾದಕ್ಕೆ ಏನಿದೆ ಎಂದು ಕೇಳಬಹುದು. 1970ರ ತನಕ ಹೆಚ್ಚುಕಮ್ಮಿ ಏನೂ ಇರಲಿಲ್ಲ. ಹಳೆಯ ಕಾನೂನಿನ ಕಣ್ಣಲ್ಲಿ ಬಾಡಿಗೆ ಎಂದರೆ ನೆಲದ ಗೇಣಿ. ಮೇಲಿನ ಮನೆ ಸೋರಲಿ, ಇಲಿ ಓಡಾಡಲಿ, ಬಾಡಿಗೆ ಮಾತ್ರ ಕಟ್ಟಲೇಬೇಕು. ಹೊಲ ಗುತ್ತಿಗೆಗೆ ಹಿಡಿದ ರೈತರಿಗೆ ಆ ನಿಯಮ ಹೊಂದಿರಬಹುದು. ಗುಡಿಸಲು ಸೋರಿದರೆ ಅವರೇ ಹತ್ತಿ ಸರಿಮಾಡುತ್ತಾರೆ. ಐದನೇ ಮಹಡಿಯ ಒಂದು ಕೋಣೆಯಲ್ಲಿರುವವರು ಇಡೀ ಕಟ್ಟಡದ ಬಾಯ್ಲರ್ ರಿಪೇರಿ ಮಾಡಲು ಆಗುತ್ತದೆಯೇ?

ಇದನ್ನು ಬದಲಿಸಿದ್ದು ರಾಜಧಾನಿ ವಾಷಿಂಗ್ಟನ್‌ನ ಕ್ಲಿಫ್ಟನ್ ಟೆರೇಸ್ ಎಂಬ ಕಟ್ಟಡದ ಕೇಸು. 1966ರಲ್ಲಿ ಅಲ್ಲಿನ ಕೆಲವರು ಬಾಡಿಗೆ ಕಟ್ಟಿರಲಿಲ್ಲ. ಕಟ್ಟಿಲ್ಲ ಎಂದು ಕೋರ್ಟಿನಲ್ಲಿ ಒಪ್ಪಿಕೊಂಡರು. ಆದರೆ ಕಟ್ಟಡದಲ್ಲಿ ವಸತಿ ನಿಯಮಗಳ ಸುಮಾರು 1,500 ಉಲ್ಲಂಘನೆಗಳಿವೆ, ಅದಕ್ಕೆ ಸಾಕ್ಷ್ಯ ಕೊಡುತ್ತೇವೆ ಎಂದರು. ಕೆಳಗಿನ ಕೋರ್ಟ್ ಕೇಳಲಿಲ್ಲ. ಬಾಡಿಗೆ ಕಟ್ಟಿದ್ದೀರಾ ಇಲ್ಲವಾ, ಅಷ್ಟು ಹೇಳಿ ಎಂಬ ಧೋರಣೆ. 1970ರಲ್ಲಿ ಜಾವಿನ್ಸ್ ವರ್ಸಸ್ ಫಸ್ಟ್ ನ್ಯಾಷನಲ್ ರಿಯಾಲ್ಟಿ ಎಂಬ ಹೆಸರಿನ ಆ ಕೇಸಿನಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಜೆ. ಸ್ಕೆಲಿ ರೈಟ್ ಬೇರೆ ರೀತಿ ಯೋಚಿಸಿದರು. ಪಟ್ಟಣದ ಬಾಡಿಗೆದಾರರು ಕೊಳ್ಳುವುದು ನೆಲವನ್ನಲ್ಲ. ಬಿಸಿ, ಬೆಳಕು, ಗಾಳಿ, ನೀರು, ಭದ್ರವಾದ ಬಾಗಿಲು ಎಲ್ಲ ಸೇರಿದ ವಾಸಯೋಗ್ಯ ಮನೆಯನ್ನು. ಮಾಲೀಕರು ಅದನ್ನು ಕೊಡದಿದ್ದರೆ ಪೂರ್ತಿ ಬಾಡಿಗೆ ಕೇಳುವಂತಿಲ್ಲ. ಇಂದು ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಲ್ಲೂ ಈ ತತ್ವ ಇದೆ.

ಹಾಗಾಗಿ ವಕೀಲರು ಫೋಟೋ ಕೇಳುತ್ತಾರೆ. ಬೂಷ್ಟು ಹಿಡಿದ ಗೋಡೆ, ಚಳಿಗಾಲದಲ್ಲಿ ಮನೆ ಬೆಚ್ಚಗಿಡದೆ ತಣ್ಣಗಿರುವ ರೇಡಿಯೇಟರ್, ರಿಪೇರಿ ಕೇಳಿ ಮಾಲೀಕರಿಗೆ ಕಳಿಸಿದ ಮೆಸೇಜು, ನಗರದ ಇನ್‌ಸ್ಪೆಕ್ಟರ್ ಬರೆದ ವರದಿ. ಆರು ತಿಂಗಳ ಬಾಡಿಗೆ ಬಾಕಿ ಇದ್ದ ಕೇಸು, ಇವೆಲ್ಲ ಮುಂದಿಟ್ಟ ಮೇಲೆ ಮೂರು ತಿಂಗಳಿಗೆ ಇಳಿಯಬಹುದು. ಜೊತೆಗೆ ಇಂಥ ತಾರೀಕಿನೊಳಗೆ ರಿಪೇರಿ ಮಾಡಿ ಎಂಬ ಆದೇಶವೂ ಸಿಗಬಹುದು.

ಅದೇ ವಾಷಿಂಗ್ಟನ್‌ನಿಂದ ಅದಕ್ಕೂ ಎರಡು ವರ್ಷ ಮೊದಲು, 1968ರಲ್ಲಿ, ಎಡ್ವರ್ಡ್ಸ್ ವರ್ಸಸ್ ಹಬೀಬ್ ಎಂಬ ತೀರ್ಪು ಬಂದಿತ್ತು. ಬಾಡಿಗೆಯಲ್ಲಿದ್ದ ಹೆಂಗಸೊಬ್ಬರು ಮನೆಯ ನೈರ್ಮಲ್ಯದ ಬಗ್ಗೆ ಅಧಿಕಾರಿಗಳಿಗೆ ದೂರು ಕೊಟ್ಟರು. ಪರಿಶೀಲಿಸಿದಾಗ ನಲವತ್ತಕ್ಕೂ ಹೆಚ್ಚು ಲೋಪ ಸಿಕ್ಕವು. ಮಾಲೀಕರು ರಿಪೇರಿ ಮಾಡುವ ಬದಲು 30 ದಿನದಲ್ಲಿ ಮನೆ ಬಿಡಿ ಎಂದು ನೋಟಿಸು ಕೊಟ್ಟರು. ಕಾರಣ ಹೇಳದೆ ಮನೆ ಬಿಡಿಸುವ ಹಕ್ಕು ಮಾಲೀಕರಿಗೆ ಇದ್ದರೂ, ದೂರು ಕೊಟ್ಟ ಸೇಡಿಗೆ ಅದನ್ನು ಬಳಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಇಲ್ಲದಿದ್ದರೆ ದೂರು ಕೊಡುವ ಧೈರ್ಯ ಯಾರು ತಾನೇ ಮಾಡುತ್ತಾರೆ?

ಸರ್ಕಾರಿ ಮನೆ ಅಥವಾ ಸಹಾಯಧನದ ಮನೆ ಆದರೆ ನಿಯಮಗಳ ಇನ್ನೊಂದು ಪದರ ಸೇರುತ್ತದೆ. ಸರಿಯಾದ ಕಾರಣ ತೋರಿಸಬೇಕು. ಗಂಡನ ಹೊಡೆತಕ್ಕೆ ಸಿಕ್ಕವರನ್ನು ಆ ಗಲಾಟೆಯ ನೆಪದಲ್ಲೇ ಹೊರಹಾಕುವಂತಿಲ್ಲ. ಅಂಗವಿಕಲರಿಗೆ, ಮಾನಸಿಕ ಕಾಯಿಲೆ ಇರುವವರಿಗೆ ಖಾಸಗಿ ಮನೆಯಲ್ಲೂ ರಿಯಾಯಿತಿ ಕೇಳುವ ಹಕ್ಕಿದೆ. ಉದಾಹರಣೆಗೆ, ಕಾಯಿಲೆಯ ಕಾರಣ ಮನೆ ತುಂಬ ಸಾಮಾನು ಪೇರಿಸಿಕೊಳ್ಳುವವರಿಗೆ ಚೊಕ್ಕಟ ಮಾಡಲು ಹೆಚ್ಚು ಸಮಯ. ಆದರೆ ಸರ್ಕಾರಿ ಮನೆಯಲ್ಲಿ ಕಾನೂನು ತುಂಬ ಕಠಿಣವಾಗಿರುವ ಜಾಗವೂ ಇದೆ. 2002ರ ರಕರ್ ಕೇಸಿನಲ್ಲಿ ಓಕ್ಲೆಂಡಿನ ಬಾಡಿಗೆದಾರರಲ್ಲಿ ಒಬ್ಬರು 75 ವರ್ಷದ ಅಂಗವಿಕಲರು. ಅವರನ್ನು ನೋಡಿಕೊಳ್ಳಲು ಬರುತ್ತಿದ್ದವರ ಹತ್ತಿರ ಡ್ರಗ್ಸ್ ಸಿಕ್ಕಿತ್ತು. ಬಾಡಿಗೆದಾರರಿಗೆ ಗೊತ್ತಿಲ್ಲದಿದ್ದರೂ ಮನೆ ಬಿಡಿಸಬಹುದು ಎಂದು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಹೇಳಿತು. ಬಿಡಿಸಲೇಬೇಕು ಎಂದು ಹೇಳಲಿಲ್ಲ, ಅದು ಸ್ಥಳೀಯ ವಸತಿ ಪ್ರಾಧಿಕಾರದ ವಿವೇಚನೆ ಎಂದಿತು. ಅಂದಿನಿಂದ ವಕೀಲರು ಹಿಡಿದಿರುವುದು ಆ 'ವಿವೇಚನೆ'ಯ ಎಳೆಯನ್ನೇ. ಕೋರ್ಟಿನಲ್ಲಿ ವಾದಿಸುವ ಬದಲು ಅಧಿಕಾರಿಗಳ ಮುಂದೆ ಕೂತು ಮನವೊಲಿಸುತ್ತಾರೆ.

ಕಾರಿಡಾರಿನ ರಾಜಿ

ನಿಜವಾದ ವಿಚಾರಣೆ ತನಕ ಹೋಗುವ ಕೇಸು ಬಹಳ ಕಡಿಮೆ. ಹೆಚ್ಚಿನವು ಮುಗಿಯುವುದು ಕೋರ್ಟ್ ಹಾಲಿನ ಹೊರಗೆ, ಬೆಂಚಿನ ಮೇಲೆ. ಮಾಲೀಕರ ವಕೀಲರ ಕೈಯಲ್ಲಿ ಅಂದಿನ ಹತ್ತಿಪ್ಪತ್ತು ಕೇಸುಗಳ ಕಟ್ಟು ಇರುತ್ತದೆ. ಹೆಸರು ಕರೆಯುತ್ತಾರೆ. ಬಾಡಿಗೆದಾರರು ಎದ್ದು ಬರುತ್ತಾರೆ. 'ಇಷ್ಟು ಬಾಕಿ ಇದೆ, ಈ ತಾರೀಕಿಗೆ ಕಟ್ಟುತ್ತೀರಾ? ಇಲ್ಲಿ ಸಹಿ ಹಾಕಿ.' ಎಷ್ಟೋ ಜನ ಅವರನ್ನು ಕೋರ್ಟಿನ ಸಿಬ್ಬಂದಿ ಎಂದೇ ತಿಳಿದು ಸಹಿ ಹಾಕಿಬಿಡುತ್ತಾರೆ.

ಆ ಕಾಗದದಲ್ಲಿ ಏನಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಮೂರು ವಿಷಯ ನೋಡಬೇಕು. ಒಂದು, ಇದು ಬರೀ ಒಪ್ಪಂದವೋ ಅಥವಾ ಒಪ್ಪಿಗೆಯ ತೀರ್ಪೋ. ತೀರ್ಪು ಆಗಿದ್ದರೆ, ಒಂದು ಕಂತು ತಪ್ಪಿದ ಕೂಡಲೇ ಹೊಸ ವಿಚಾರಣೆ ಇಲ್ಲದೆ ಮಾರ್ಷಲ್ ಬರಬಹುದು. ಎರಡು, ಬಾಕಿ ಮೊತ್ತದಲ್ಲಿ ಏನೇನು ಸೇರಿಸಿದ್ದಾರೆ. ಲೇಟ್ ಫೀ, ವಕೀಲರ ಶುಲ್ಕ, ಹಳೆಯ ಕರೆಂಟು ಬಿಲ್ಲು ಎಲ್ಲವನ್ನೂ ಬಾಡಿಗೆ ಎಂದು ತೋರಿಸಿರುವುದು ಅಪರೂಪವಲ್ಲ. ಮೂರು, ಕಂತು ಕಟ್ಟುವ ಶಕ್ತಿ ನಿಜಕ್ಕೂ ಇದೆಯೇ. ತಿಂಗಳ ಬಾಡಿಗೆಗೇ ಪರದಾಡುವವರು ಅದರ ಮೇಲೆ ಇನ್ನೊಂದು ಬಾಡಿಗೆಯಷ್ಟು ಬಾಕಿ ಕಟ್ಟುತ್ತೇನೆ ಎಂದು ಒಪ್ಪಿಕೊಂಡರೆ ಅದು ರಾಜಿಯಲ್ಲ, ಎರಡು ತಿಂಗಳು ಮುಂದೂಡಿದ ಸೋಲು.

ವಕೀಲರು ಜೊತೆಗಿದ್ದರೆ ಇದೇ ಬೆಂಚಿನ ಮೇಲೆ ಮಾತು ಬೇರೆಯಾಗುತ್ತದೆ. ಲೆಕ್ಕದ ಪುಸ್ತಕ ತೋರಿಸಿ ಎನ್ನುತ್ತಾರೆ. ತೀರ್ಪು ಬೇಡ, ಒಪ್ಪಂದ ಸಾಕು, ಕಂತು ತಪ್ಪಿದರೆ ಮತ್ತೆ ಕೋರ್ಟಿಗೆ ಬನ್ನಿ ಎನ್ನುತ್ತಾರೆ. ಕೆಲವೊಮ್ಮೆ ಮನೆ ಬಿಡುವುದೇ ಸರಿ ಎನಿಸುತ್ತದೆ. ಬಾಡಿಗೆ ಯಾವ ಲೆಕ್ಕಕ್ಕೂ ಕೈಗೆಟುಕುವುದಿಲ್ಲ. ಆಗ ಮೂರು ತಿಂಗಳ ಅವಧಿ, ಬಾಕಿ ಮನ್ನಾ, ದಾಖಲೆಯಲ್ಲಿ ತೀರ್ಪು ಇಲ್ಲ, ಮುಂಗಡ ವಾಪಸ್ ಎಂಬ ಷರತ್ತುಗಳಿಗೆ ಒಪ್ಪಿಸುತ್ತಾರೆ. ಹೊರಗಿನವರಿಗೆ ಇದು ಸೋತ ಕೇಸಿನಂತೆ ಕಾಣುತ್ತದೆ. ಷರೀಫ್ ಬಂದು ಸಾಮಾನನ್ನು ರಸ್ತೆಗೆ ಹಾಕುವುದಕ್ಕೂ, ಹೊಸ ಮನೆ ಹುಡುಕಿಕೊಂಡು ತಾವೇ ಗಾಡಿ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಅನುಭವಿಸಿದವರಿಗೇ ಗೊತ್ತು.

ವಕೀಲರಿದ್ದರೆ ನಿಜಕ್ಕೂ ವ್ಯತ್ಯಾಸ ಆಗುತ್ತದೆಯೇ?

ಗೆಲ್ಲುವಂಥ ಕೇಸುಗಳನ್ನೇ ವಕೀಲರು ಆರಿಸಿಕೊಳ್ಳುತ್ತಾರೆ, ಅದಕ್ಕೇ ಗೆಲ್ಲುತ್ತಾರೆ ಎಂಬ ಆಕ್ಷೇಪ ಇದ್ದೇ ಇದೆ. ನ್ಯಾಯವಾದ ಆಕ್ಷೇಪವೇ. ಇದನ್ನು ಪರೀಕ್ಷಿಸಲು ಸಂಶೋಧಕರು ಮ್ಯಾನ್‌ಹ್ಯಾಟನ್ನಿನ ವಸತಿ ಕೋರ್ಟಿನಲ್ಲಿ ಚೀಟಿ ಎತ್ತಿದ ಹಾಗೆ ಬಾಡಿಗೆದಾರರನ್ನು ಆರಿಸಿ, ಕೆಲವರಿಗೆ ವಕೀಲರನ್ನು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. 2001ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ವಕೀಲರಿಲ್ಲದವರಲ್ಲಿ 51 ಶೇಕಡಾ ಜನರ ವಿರುದ್ಧ ಅಂತಿಮ ತೀರ್ಪು ಬಂತು. ವಕೀಲರಿದ್ದವರಲ್ಲಿ 22 ಶೇಕಡಾ.

ಮ್ಯಾಸಚೂಸೆಟ್ಸ್ ರಾಜ್ಯದ ಎರಡು ಪ್ರಯೋಗಗಳು ಇನ್ನಷ್ಟು ಕುತೂಹಲದವು. ಕ್ವಿನ್ಸಿಯ ಜಿಲ್ಲಾ ಕೋರ್ಟಿನಲ್ಲಿ ಒಂದು ಗುಂಪಿಗೆ ಪೂರ್ತಿ ವಕಾಲತ್ತು ಸಿಕ್ಕಿತು. ಇನ್ನೊಂದು ಗುಂಪಿಗೆ ಅರ್ಜಿ ತುಂಬುವುದು ಹೇಗೆಂಬ ಸಲಹೆಯಂಥ ಅಲ್ಪಸ್ವಲ್ಪ ಸಹಾಯ. ಮೊದಲ ಗುಂಪಿನ ಸುಮಾರು ಮೂರನೇ ಎರಡು ಭಾಗ ಜನರಿಗೆ ಮನೆ ಉಳಿಯಿತು. ಎರಡನೆಯದರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ. ಆದರೆ ಅದೇ ರಾಜ್ಯದ ವಿಶೇಷ ವಸತಿ ಕೋರ್ಟೊಂದರಲ್ಲಿ, ಆ ದಿನದ ಮಟ್ಟಿಗೆ ಮಾತ್ರ ಸಹಾಯ ಮಾಡುವ ವಕೀಲರು ಸಿಕ್ಕವರಿಗೂ ಪೂರ್ತಿ ವಕಾಲತ್ತು ಸಿಕ್ಕವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾನು ಇದನ್ನು ಹೀಗೆ ಓದುತ್ತೇನೆ: ಕೋರ್ಟ್ ತಾನೇ ಬಾಡಿಗೆದಾರರ ಮಾತಿಗೆ ಜಾಗ ಮಾಡಿಕೊಟ್ಟರೆ ಸ್ವಲ್ಪ ಸಹಾಯವೂ ದೂರ ಒಯ್ಯುತ್ತದೆ. ಸಾಲು ಹಚ್ಚಿ ಕೇಸು ಮುಗಿಸುವ ಕೋರ್ಟಾದರೆ ಪಕ್ಕದಲ್ಲೇ ನಿಲ್ಲುವ ವಕೀಲರು ಬೇಕು.

ಈ ವಕೀಲರು ಬರುವುದು ಎಲ್ಲಿಂದ? ಕೆಲವು ಸಂಸ್ಥೆಗಳು ಬಹಳ ಹಳೆಯವು. ನ್ಯೂಯಾರ್ಕಿನ ಲೀಗಲ್ ಏಡ್ ಸೊಸೈಟಿ 1876ರಲ್ಲಿ ಜರ್ಮನಿಯಿಂದ ವಲಸೆ ಬಂದವರಿಗಾಗಿ ಶುರುವಾಯಿತು. 1974ರಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನಿನಿಂದ ಲೀಗಲ್ ಸರ್ವೀಸಸ್ ಕಾರ್ಪೊರೇಷನ್ ಹುಟ್ಟಿತು. ಕೇಂದ್ರದ ಹಣವನ್ನು ದೇಶದ ಉಚಿತ ಕಾನೂನು ನೆರವಿನ ಕಚೇರಿಗಳಿಗೆ ಅದು ಹಂಚುತ್ತದೆ. ಆದಾಯ ಬಡತನ ರೇಖೆಯ 125 ಶೇಕಡಾ ಮೀರಿದರೆ ಸಾಮಾನ್ಯವಾಗಿ ನೆರವಿಲ್ಲ. ಅಂದರೆ ಕಡಿಮೆ ಸಂಬಳದ ಕೆಲಸ ಮಾಡುವ ಎಷ್ಟೋ ಜನ ಹೊರಗುಳಿಯುತ್ತಾರೆ. ಈ ಹಣ ಪಡೆಯುವ ಕಚೇರಿಗಳು ಇಡೀ ಕಟ್ಟಡದವರ ಪರವಾಗಿ ಸಾಮೂಹಿಕ ಮೊಕದ್ದಮೆ ಹಾಕುವಂತಿಲ್ಲ ಎಂದು 1996ರಲ್ಲಿ ಸಂಸತ್ತು ಕಟ್ಟು ಹಾಕಿತು. ಬಡವರ ದೊಡ್ಡ ಸಿವಿಲ್ ಸಮಸ್ಯೆಗಳಲ್ಲಿ 92 ಶೇಕಡಾಕ್ಕೆ ನೆರವು ಸಿಗುವುದೇ ಇಲ್ಲ ಅಥವಾ ಸಾಕಷ್ಟು ಸಿಗುವುದಿಲ್ಲ ಎಂದು ಈ ಸಂಸ್ಥೆಯೇ 2022ರ ವರದಿಯಲ್ಲಿ ಬರೆದಿದೆ. ಕಾನೂನು ಕಾಲೇಜುಗಳ ಕ್ಲಿನಿಕ್‌ಗಳೂ ಇವೆ. ಅಲ್ಲಿ ವಿದ್ಯಾರ್ಥಿಗಳು ಹಿರಿಯ ವಕೀಲರ ಉಸ್ತುವಾರಿಯಲ್ಲಿ ನಿಜವಾದ ಕೇಸು ನಡೆಸುತ್ತಾರೆ.

ದೊಡ್ಡ ತಿರುವು ಬಂದದ್ದು 2017ರ ಆಗಸ್ಟಿನಲ್ಲಿ. ಬಡ ಬಾಡಿಗೆದಾರರಿಗೆ ವಕೀಲರು ಸಿಗಬೇಕು ಎಂಬ ಕಾನೂನನ್ನು ಅಮೆರಿಕದಲ್ಲಿ ಮೊದಲು ಮಾಡಿದ ನಗರ ನ್ಯೂಯಾರ್ಕ್. ಬಡತನ ರೇಖೆಯ ಎರಡು ಪಟ್ಟಿನವರೆಗೆ ಆದಾಯ ಇರುವವರಿಗೆ ಇದು ಅನ್ವಯ. ಅಲ್ಲಿ 2013ರಲ್ಲಿ ವಕೀಲರಿದ್ದ ಬಾಡಿಗೆದಾರರು ನೂರಕ್ಕೆ ಒಬ್ಬರು. ಕಾನೂನು ಬಂದ ಮೇಲೆ, ಈ ವಕೀಲರು ಕೋರ್ಟಿನಲ್ಲಿ ಪ್ರತಿನಿಧಿಸಿದ ಕುಟುಂಬಗಳಲ್ಲಿ 84 ಶೇಕಡಾ ತಮ್ಮ ಮನೆಯಲ್ಲೇ ಉಳಿದವು ಎಂದು ನಗರದ ಕಚೇರಿ ಲೆಕ್ಕ ಕೊಟ್ಟಿತು. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು ಆದಾಯದ ಮಿತಿಯೇ ಇಲ್ಲದ ಕಾನೂನಿಗೆ ಮತ ಹಾಕಿದರು. 2021ರಲ್ಲಿ ವಾಷಿಂಗ್ಟನ್ ರಾಜ್ಯ ಇಡೀ ರಾಜ್ಯಕ್ಕೆ ಇದನ್ನು ತಂದಿತು. ಅದೇ ವರ್ಷ ಮೇರಿಲ್ಯಾಂಡ್ ಮತ್ತು ಕನೆಕ್ಟಿಕಟ್ ಕೂಡ. ಈಗ ಹದಿನೈದಕ್ಕೂ ಹೆಚ್ಚು ನಗರಗಳಲ್ಲಿ ಇಂಥ ಕಾನೂನಿದೆ.

ಆದರೆ ಕಾಗದದ ಮೇಲಿನ ಹಕ್ಕಿಗೆ ಕೈಕಾಲು ಬರಲು ವಕೀಲರು ಬೇಕು. 2022ರ ಜನವರಿಯಲ್ಲಿ ನ್ಯೂಯಾರ್ಕಿನ ಕೊರೊನಾ ತಡೆಯಾಜ್ಞೆ ಮುಗಿಯಿತು, ಕೇಸುಗಳು ಪ್ರವಾಹದಂತೆ ಬಂದವು. ವಕೀಲರ ಸಂಖ್ಯೆ ಅಷ್ಟು ಬೇಗ ಏರುತ್ತದೆಯೇ? ಕಚೇರಿಗಳು ಹೊಸ ಕೇಸು ತೆಗೆದುಕೊಳ್ಳುವುದಿಲ್ಲ ಎನ್ನಬೇಕಾಯಿತು. ಇದ್ದ ವಕೀಲರೂ ಕೆಲಸದ ಹೊರೆಗೆ ಸುಸ್ತಾಗಿ ಬಿಟ್ಟುಹೋದರು. ವಕೀಲರು ಸಿಗುವ ತನಕ ಕೇಸು ಮುಂದೂಡಿ ಎಂದು ಬಾಡಿಗೆದಾರರ ಸಂಘಟನೆಗಳು ಕೇಳಿದವು. ಕೋರ್ಟುಗಳು ಎಲ್ಲ ಕಡೆ ಒಪ್ಪಲಿಲ್ಲ. ಹಕ್ಕಿರುವ ಎಷ್ಟೋ ಜನ ಒಬ್ಬರೇ ನಿಂತರು.

ಮಾಲೀಕರ ಮಾತು

ಮಾಲೀಕರೆಲ್ಲ ದೊಡ್ಡ ಕಂಪನಿಗಳಲ್ಲ. ಮೇಲಿನ ಮನೆ ಬಾಡಿಗೆಗೆ ಕೊಟ್ಟು ಅದರಿಂದಲೇ ಬ್ಯಾಂಕಿನ ಕಂತು ಕಟ್ಟುವವರೂ ಇದ್ದಾರೆ. ಕೇಸು ಆರು ತಿಂಗಳು ಎಳೆದರೆ ಅವರೂ ಸಾಲಕ್ಕೆ ಬೀಳುತ್ತಾರೆ. ಅವರ ಈ ದೂರು ಸುಳ್ಳಲ್ಲ. ವಕೀಲರು ಎಷ್ಟೇ ಜಾಣರಾದರೂ ಇಲ್ಲದ ದುಡ್ಡನ್ನು ಹುಟ್ಟಿಸಲಾರರು. ಅದಕ್ಕೇ ವಕೀಲರ ಜೊತೆ ಬಾಡಿಗೆ ನೆರವಿನ ನಿಧಿಯೂ ಇದ್ದಾಗ ಮಾತ್ರ ಈ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ. ಕೊರೊನಾ ಕಾಲದಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಸುಮಾರು 46 ಬಿಲಿಯನ್ ಡಾಲರನ್ನು ಬಾಡಿಗೆ ನೆರವಿಗೆ ಇಟ್ಟಿತ್ತು. ಆಗ ವಕೀಲರ ದೊಡ್ಡ ಕೆಲಸವೇ ಆ ಅರ್ಜಿ ತುಂಬಿಸಿ, ಮಂಜೂರಾಗುವ ತನಕ ಕೇಸು ತಡೆಹಿಡಿಯುವುದು. ಮಾಲೀಕರಿಗೆ ಬಾಕಿ ಸಿಕ್ಕಿತು, ಬಾಡಿಗೆದಾರರಿಗೆ ಮನೆ ಉಳಿಯಿತು. ಆ ಹಣ ಮುಗಿದ ಮೇಲೆ ಅದೇ ವಕೀಲರ ಕೈಯಲ್ಲಿ ಉಳಿದದ್ದು ಬರೀ ತಾರೀಕು ಮುಂದೂಡುವ ಅರ್ಜಿ.

ತೀರ್ಪಿನ ನಂತರ

ತೀರ್ಪು ಬಂತು ಎಂದರೆ ಎಲ್ಲ ಮುಗಿಯಿತು ಎಂದು ಸುಮ್ನೆ ಕೂರಬಾರದು ಎನ್ನುತ್ತಾರೆ ಈ ವಕೀಲರು. ಸಮನ್ಸ್ ತಲುಪಿರಲಿಲ್ಲ, ಆಸ್ಪತ್ರೆಯಲ್ಲಿದ್ದೆ ಎಂಬ ಕಾರಣ ತೋರಿಸಿ ಏಕಪಕ್ಷೀಯ ತೀರ್ಪನ್ನು ರದ್ದು ಮಾಡಿಸಬಹುದು. ನ್ಯೂಯಾರ್ಕಿನಲ್ಲಿ ಮಾರ್ಷಲ್ 14 ದಿನ ಮೊದಲು ನೋಟಿಸು ಕೊಡಬೇಕು. ಬೇಕೆಂದೇ ಬಾಡಿಗೆ ತಡೆಹಿಡಿದವರಲ್ಲದಿದ್ದರೆ, ಮಾರ್ಷಲ್ ಬಾಗಿಲಿಗೆ ಬರುವ ಮುಂಚೆ ಪೂರ್ತಿ ಬಾಕಿ ಕಟ್ಟಿ ಕೇಸನ್ನು ನಿಲ್ಲಿಸಬಹುದು. ಬೇರೆ ಎಷ್ಟೋ ರಾಜ್ಯಗಳಲ್ಲಿ ಇಷ್ಟು ಅವಕಾಶ ಇಲ್ಲ.

ಕೊನೆಯದು ದಾಖಲೆಯ ವಿಷಯ. ಜನ ಇದನ್ನು ಮರೆಯುತ್ತಾರೆ, ಆದರೆ ಇದು ಮನೆಗಿಂತ ಹೆಚ್ಚು ದಿನ ಕಾಡುತ್ತದೆ. ಬಾಡಿಗೆಗೆ ಬರುವವರ ಹಿನ್ನೆಲೆ ತೆಗೆದುಕೊಡುವ ಕಂಪನಿಗಳು ಅಲ್ಲಿವೆ. ಕೇಸು ದಾಖಲಾಗಿದ್ದರೆ ಸಾಕು, ಗೆದ್ದರೋ ಸೋತರೋ ನೋಡದೆ ಅದು ಅವರ ವರದಿಗೆ ಸೇರಿಬಿಡುತ್ತದೆ. ಏಳು ವರ್ಷ ಅಲ್ಲೇ ಇರಬಹುದು. ಅದನ್ನು ಕಂಡ ಮುಂದಿನ ಮಾಲೀಕರು ಮನೆ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾ 2016ರಲ್ಲಿ ಕಾನೂನು ಬದಲಿಸಿ, ಮಾಲೀಕರು 60 ದಿನದೊಳಗೆ ಗೆಲ್ಲದಿದ್ದರೆ ದಾಖಲೆ ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಮಾಡಿತು. ನ್ಯೂಯಾರ್ಕ್ ರಾಜ್ಯದಲ್ಲಿ 2019ರಿಂದ ಹಳೆಯ ಬಾಡಿಗೆ ಕೇಸಿನ ಕಾರಣಕ್ಕೆ ಮನೆ ನಿರಾಕರಿಸುವಂತಿಲ್ಲ. ಆದರೆ ಮಾಲೀಕರ ಮನಸ್ಸಿನಲ್ಲಿದ್ದ ಕಾರಣ ಅದೇ ಎಂದು ಸಾಬೀತು ಮಾಡುವುದು ಕಷ್ಟ. ಹಾಗಾಗಿ ಅನುಭವಿ ವಕೀಲರು ಕಾರಿಡಾರಿನ ಒಪ್ಪಂದದಲ್ಲೇ ಒಂದು ಸಾಲು ಸೇರಿಸುತ್ತಾರೆ: ಬಾಕಿ ತೀರಿದ ಕೂಡಲೇ ಈ ಕೇಸಿನ ದಾಖಲೆಯನ್ನು ಮುಚ್ಚಲು ಮಾಲೀಕರು ಒಪ್ಪುತ್ತಾರೆ. ದಾಖಲೆ ಮುಚ್ಚಲು ಕಾನೂನಿನಲ್ಲಿ ದಾರಿ ಇರುವ ರಾಜ್ಯಗಳಲ್ಲಿ ಈ ಸಾಲಿಗೆ ಬಹಳ ಬೆಲೆ. ವಕೀಲರಿಲ್ಲದೆ ಸಹಿ ಹಾಕಿದವರ ಕಾಗದದಲ್ಲಿ ಆ ಸಾಲು ಹೆಚ್ಚಾಗಿ ಇರುವುದಿಲ್ಲ.